ಬಾವಿಯ ಪಾಳಿ ಮತ್ತು ಹಾಲೆಂಡಿನ ಅರ್ಜಿ

ನಾನು ಇಪ್ಪತ್ತೊಂಬತ್ತು ವರ್ಷ ಬೇರೆಯವರ ಮಾತನ್ನು ಬರೆದುಕೊಂಡವಳು. ತಾಲ್ಲೂಕು ಕೋರ್ಟುಗಳಲ್ಲಿ ಸ್ಟೆನೋ ಆಗಿದ್ದೆ. ಸವದತ್ತಿ, ರಾಮದುರ್ಗ, ಕೊನೆಗೆ ಬೈಲಹೊಂಗಲ. ಕೊನೆಯ ವರ್ಷಗಳಲ್ಲಿ ಮನೆ ಕಿತ್ತೂರಿನಲ್ಲಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಬಡ್ತಿ ಎರಡು ಸಿಕ್ಕವು. ಅವುಗಳ ಬಗ್ಗೆ ಹೇಳುವಂಥದ್ದು ಏನಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಸಿಕ್ಕಾಗ "ಆವಾಗ ಹೆಂಗಿತ್ರಿ ಬಾಯಾರ?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಕತೆ ಪ್ರತಿ ಸಲವೂ ಸ್ವಲ್ಪ ಚೆಂದವಾಗುತ್ತದೆ. ಅದರೊಳಗೆ ನಾನೂ ಸ್ವಲ್ಪ ಒಳ್ಳೆಯವಳಾಗುತ್ತ ಹೋಗುತ್ತೇನೆ. ಅದಕ್ಕೇ ಈ ಸಲ ಡೈರಿಗಳನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಲು ಕುಳಿತೆ. ಡೈರಿಯನ್ನಾದರೂ ಪೂರ್ತಿ ನಂಬಬಹುದೇ ಎಂದರೆ ಅದೂ ಇಲ್ಲ. ಮನೆಯವರು ಓದಬಾರದೆಂದು ಶೀಘ್ರಲಿಪಿಯಲ್ಲಿ ಬರೆದಿಟ್ಟಿದ್ದೆ. ಈಗ ಕೆಲವು ಕಡೆ ನನಗೇ ಓದಲು ಬರುವುದಿಲ್ಲ. ಒಂದು ಗೆರೆ 'ಸಿಟ್ಟು' ಎಂದೂ ಆಗಬಹುದು, 'ಸುಟ್ಟ' ಎಂದೂ ಆಗಬಹುದು. ಆ ದಿನ ನನಗೆ ಸಿಟ್ಟು ಬಂದಿತ್ತೋ, ಸುಟ್ಟ ಬದನೆಕಾಯಿ ಮಾಡಿದ್ದೆನೋ, ಈಗ ಹೇಳುವವರು ಯಾರು?

ಕೆಲಸ ಹೀಗಿತ್ತು. ಸಾಕ್ಷಿದಾರ ಕಟಕಟೆಯಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾನೆ. ನ್ಯಾಯಾಧೀಶರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಬರೆಸುತ್ತಾರೆ. ನಾನು ಬರೆದುಕೊಂಡು ಟೈಪ್ ಮಾಡುತ್ತೇನೆ. ಕೊನೆಗೆ ಅದನ್ನೇ ಮತ್ತೆ ಕನ್ನಡದಲ್ಲಿ ಸಾಕ್ಷಿದಾರನಿಗೆ ಓದಿ ಹೇಳಬೇಕು. ಸರಿ ಇದೆ ಎಂದು ಅವನು ಒಪ್ಪಿದ ಮೇಲೆ ಸಹಿ, ಇಲ್ಲವೆ ಹೆಬ್ಬೆಟ್ಟು. "ಅಂವ ನನ್ನ ಬದುವು ತಿಂದಾನ್ರಿ ಯಪ್ಪಾ" ಎಂದು ಅವನು ಹೇಳಿದ್ದು, "ಪ್ರತಿವಾದಿಯು ದಾವಾ ಜಮೀನಿನ ಪೂರ್ವ ಗಡಿಯನ್ನು ಅತಿಕ್ರಮಿಸಿರುತ್ತಾನೆ" ಎಂದಾಗಿ ಅವನಿಗೇ ವಾಪಸು ಬರುತ್ತಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಮೇಲಿನ ಕೋರ್ಟಿನವರು ಬದುವು ತಿನ್ನುವುದನ್ನು ಎಲ್ಲಿ ನೋಡಿರುತ್ತಾರೆ?

ಸವದತ್ತಿಯಲ್ಲಿ ಒಮ್ಮೆ ಒಬ್ಬ ಕುರಿಗಾರ ಅಜ್ಜನ ಹೇಳಿಕೆಯನ್ನು ಓದಿ ಹೇಳಿದೆ. ಅಜ್ಜ ಕಂಬಳಿ ಸರಿಮಾಡಿಕೊಂಡು, ಕಿವಿಗೆ ಕೈ ಹಚ್ಚಿ ಪೂರ್ತಿ ಕೇಳಿದ. "ಸರಿ ಐತೇನಜ್ಜಾ?" ಎಂದೆ.

"ಭಾಳ ಛಲೋ ಐತಿ ತಂಗಿ. ನಾ ಇಷ್ಟ ಶ್ಯಾಣ್ಯಾ ಅಂತ ನನಗಽ ಗೊತ್ತಿರಲಿಲ್ಲ ಬಿಡು" ಎಂದು ಹೆಬ್ಬೆಟ್ಟು ಒತ್ತಿದ.

ಎಲ್ಲರೂ ನಕ್ಕರು. ನಾನು ಅದನ್ನು ನನ್ನ ಕೆಲಸಕ್ಕೆ ಸಿಕ್ಕ ಹೊಗಳಿಕೆ ಎಂದೇ ಎಷ್ಟೋ ವರ್ಷ ತಿಳಿದಿದ್ದೆ.

ತಪ್ಪುಗಳನ್ನು ಬಚ್ಚಿಡುವುದಿಲ್ಲ. ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂದ ಹೊಸದು. ಅಲ್ಲಿಯವರೆಗೆ ಒಂದು ಅಕ್ಷರ ತಪ್ಪಿದರೆ ನಾಲ್ಕು ಕಾರ್ಬನ್ ಪ್ರತಿಗಳಲ್ಲೂ ಬ್ಲೇಡಿನಿಂದ ಕೆರೆಯಬೇಕಿತ್ತು. ಆ ಭಯಕ್ಕೆ ಕಣ್ಣು ಎಚ್ಚರವಾಗಿರುತ್ತಿತ್ತು. ಕಂಪ್ಯೂಟರಿನಲ್ಲಿ ಹಳೆಯ ಡಿಕ್ರಿಯನ್ನು ತೆಗೆದು ಹೆಸರು ಬದಲಿಸಿದರೆ ಹೊಸ ಡಿಕ್ರಿ. ಹಾಗೆ ಮಾಡುವಾಗ ಒಂದು ಹೊಲದ ಪೂರ್ವ ಪಶ್ಚಿಮ ಅದಲುಬದಲಾದವು. ಊರು ಯಾವುದೆಂದು ಬರೆಯುವುದಿಲ್ಲ, ತಪ್ಪು ನನ್ನೊಬ್ಬಳದೇ. ಸಹಿಗೆ ಮೊದಲು ನಾನೇ ಕಂಡು ನ್ಯಾಯಾಧೀಶರ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು, "ಬಾಯಾರ, ಮೂವತ್ತು ಗುಂಟೆ ಹೋದ್ರ ಹೋಗವಲ್ದು, ಸೂರ್ಯನ್ನ ಪಶ್ಚಿಮಕ್ಕ ಹುಟ್ಟಿಸೀರಲ್ರಿ" ಎಂದರು. ಅಷ್ಟೇ. ಬೈಯದೇ ಇದ್ದ ಆ ಮೇಲಧಿಕಾರಿಯಿಂದ ಕಲಿತಷ್ಟು ಬೈದವರಿಂದ ಕಲಿಯಲಿಲ್ಲ.

ಆದರೆ ನನ್ನ ದೊಡ್ಡ ತಪ್ಪು ಕೋರ್ಟಿನ ಕಾಗದದಲ್ಲಿ ಆದದ್ದಲ್ಲ. ಅದು ಗಿರಿಜಾಳ ಅರ್ಜಿಯಲ್ಲಿ ಆದದ್ದು. ಮುಖ್ಯವಾಗಿ ಹೇಳಬೇಕೆಂದದ್ದು ಅದನ್ನೇ.

ಗಿರಿಜಾ ಬೈಲಹೊಂಗಲದಲ್ಲಿ ಹೊಸಮನಿ ವಕೀಲರ ಕೈಕೆಳಗೆ ಜೂನಿಯರ್ ಆಗಿದ್ದಳು. ಮುನವಳ್ಳಿ ಕಡೆಯ ಒಂದು ಹಳ್ಳಿಯವಳು, ಒಕ್ಕಲುತನದ ಮನೆ. ಹೊಸ ಶತಮಾನ ಶುರುವಾದ ಮೊದಲ ವರ್ಷಗಳು ಅವು. ಆಗ ಅವಳಿಗೆ ಇಪ್ಪತ್ತೈದರ ಆಸುಪಾಸು. ಮಧ್ಯಾಹ್ನ ನನ್ನ ಕೋಣೆಗೆ ಬಂದು ಬುತ್ತಿ ಬಿಚ್ಚುತ್ತಿದ್ದಳು. ಒಂದು ದಿನ ರೊಟ್ಟಿ ಮುರಿಯುತ್ತ, ಹಾಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತೇನೆ ಎಂದಳು. ವಿದ್ಯಾರ್ಥಿವೇತನಕ್ಕೂ ಅದೇ ಅರ್ಜಿಯಂತೆ. ತನ್ನ ಬಗ್ಗೆ, ಈ ವಿಷಯ ಏಕೆ ಬೇಕೆಂಬುದರ ಬಗ್ಗೆ ಎರಡು ಪುಟದ ಹೇಳಿಕೆ ಬರೆಯಬೇಕು. ಹಿರಿಯರೊಬ್ಬರ ಶಿಫಾರಸು ಪತ್ರ ಬೇಕು. ತಿಂಗಳ ಕೊನೆಯೊಳಗೆ ಎಲ್ಲ ಅಲ್ಲಿ ಮುಟ್ಟಬೇಕು.

ಸುದ್ದಿ ವಕೀಲರ ಕೋಣೆಗೆ ಹೋಗಲು ಎಷ್ಟು ಹೊತ್ತು?

"ಏನವ್ವಾ, ಬದುವಿನ ಕೇಸ ಎಲ್ಲಾ ಮುಗಿಸಿದೇನ? ಇನ್ನ ಅಮೇರಿಕಾದ ಮ್ಯಾಲ ದಾವಾ ಹಾಕಾಕಿ?"

"ಹಾಕಲಿ ಬಿಡ್ರಿ. ಸಮನ್ಸ್ ಜಾರಿ ಮಾಡಾಕ ನಮ್ಮ ಬೇಲೀಫನ್ನ ಕಳಸೂಣು, ಸೈಕಲ್ ಮ್ಯಾಲ."

"ಮನ್ಯಾಗ ಇಲ್ಲಂದ್ರ ಬಾಗಲಕ್ಕ ಅಂಟಿಸಿ ಬರ್ತಾನ!"

ಗಿರಿಜಾ ನಗುತ್ತಿದ್ದಳು. ಆದರೆ ಅವಳಿಗೆ ಇದು ನಗೆಯ ವಿಷಯವಾಗಿರಲಿಲ್ಲ. ಅವಳ ಅಪ್ಪ ಈರಪ್ಪ ಒಂದು ಮಾತು ಹೇಳಿದ್ದ: "ಒಮ್ಮೆ ಹಾಕು. ಬಂತಂದ್ರ ಹೋಗು, ನಾ ಬ್ಯಾಡ ಅನ್ನೂದಿಲ್ಲ. ಬರಲಿಲ್ಲಂದ್ರ ಇಲ್ಲೇ ಗಟ್ಟ್ಯಾಗಿ ವಕೀಲಕಿ ಮಾಡು. ವರ್ಷಾ ಹಾಕ್ಕೋಂತ ಕುಂತ್ರ ಇಲ್ಲಿದೂ ಆಗೂದಿಲ್ಲ, ಅಲ್ಲಿದೂ ಆಗೂದಿಲ್ಲ." ಅವಳು ಒಪ್ಪಿಕೊಂಡಿದ್ದಳು. ಅಂದರೆ ಇದೊಂದೇ ಅವಕಾಶ.

ಅವಳು ತನ್ನ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಕೈಬರಹದಲ್ಲಿ ಬರೆದು ತಂದಳು. ತಿದ್ದಿ ಟೈಪ್ ಮಾಡಿಕೊಡಿ ಎಂದು ನನಗೆ ಕೊಟ್ಟಳು. ನಾನು ಎಂ.ಎ. ಓದಿದವಳು, ಇಂಗ್ಲಿಷು ಬಲ್ಲವಳು ಎಂದು ನನಗೂ ಸ್ವಲ್ಪ ಹೆಮ್ಮೆ ಇತ್ತು.

ಅವಳು ಬರೆದದ್ದು ಒಂದು ಬಾವಿಯ ಕತೆ. ಅವಳ ಅಪ್ಪ, ದೊಡ್ಡಪ್ಪ ಪಾಲಾದಾಗ ಹೊಲ ಎರಡಾಯಿತು, ಬಾವಿ ಒಂದೇ ಉಳಿಯಿತು. ಎಂಟು ದಿನ ಒಬ್ಬರ ಪಾಳಿ, ಎಂಟು ದಿನ ಇನ್ನೊಬ್ಬರ ಪಾಳಿ. ಬಾವಿಯ ಕಟ್ಟೆಯ ಮೇಲೆ ಒಂದು ಗುಂಡುಕಲ್ಲು. ಕಲ್ಲು ಯಾರ ಕಡೆ ಇದೆಯೋ ನೀರು ಅವರದು. ಪಾಳಿ ಮುಗಿದವನೇ ಅದನ್ನು ಎತ್ತಿ ಇನ್ನೊಬ್ಬನ ಕಡೆ ಇಡಬೇಕು, ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಪಾಲಾದ ಮೇಲೆ ಎರಡು ವರ್ಷ ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೂ ಕಲ್ಲು ಒಮ್ಮೆಯೂ ತಪ್ಪಲಿಲ್ಲ. ಕೋರ್ಟಿಲ್ಲ, ಪೊಲೀಸರಿಲ್ಲ, ಪಂಚರಿಲ್ಲ. ಹಾಗಾದರೆ ಇಬ್ಬರೂ ಏಕೆ ನಡೆದುಕೊಂಡರು? ದೇಶದೇಶಗಳ ಮೇಲೂ ಒಬ್ಬ ದೊಡ್ಡವನಿಲ್ಲ. ಆದರೂ ಹೆಚ್ಚಿನ ದಿನ ಅವು ಒಪ್ಪಂದದ ಹಾಗೆ ನಡೆಯುತ್ತವೆ. ಏಕೆಂದು ತಿಳಿಯಬೇಕು ಎಂದು ಬರೆದಿದ್ದಳು.

ನಾನು ಅದನ್ನು ಒಂದು ಅಫಿಡವಿಟ್ ಮಾಡಿದೆ.

ಬೇಕೆಂದು ಮಾಡಿದ್ದಲ್ಲ. ಹದಿನೈದು ವರ್ಷ ಕೈ ಅದನ್ನೇ ಮಾಡಿತ್ತು. "ನಾನು, ಮೇಲೆ ಹೆಸರಿಸಿದ ಅರ್ಜಿದಾರಳು, ವಯಸ್ಸು ಸುಮಾರು ಇಪ್ಪತ್ತೈದು, ಉದ್ಯೋಗ ವಕೀಲಿ, ಈ ಮೂಲಕ ಸತ್ಯಪ್ರಮಾಣ ಮಾಡಿ ನಿವೇದಿಸುವುದೇನೆಂದರೆ" ಎಂದು ಇಂಗ್ಲಿಷಿನಲ್ಲಿ ಶುರುವಾಯಿತು. ಪ್ರತಿ ಪ್ಯಾರಾಕ್ಕೆ ನಂಬರು. ಕೊನೆಯಲ್ಲಿ, ನ್ಯಾಯದ ಹಿತದೃಷ್ಟಿಯಿಂದ ಘನ ವಿಶ್ವವಿದ್ಯಾಲಯವು ಅರ್ಜಿದಾರಳಿಗೆ ಪ್ರವೇಶ ದಯಪಾಲಿಸಬೇಕೆಂದು ಪ್ರಾರ್ಥನೆ.

ಹೊಸಮನಿ ವಕೀಲರು ಓದಿ, "ಫಸ್ಟ್ ಕ್ಲಾಸ್ ಡ್ರಾಫ್ಟಿಂಗ್!" ಎಂದರು. ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಬೇಕೆಂದು ಅವರೇ ಡ್ರಾಯರಿನಲ್ಲಿ ಹುಡುಕಿದರು. "ಹಾಲೆಂಡಿಗೆ ನಮ್ಮ ಸ್ಟ್ಯಾಂಪ್ ಯಾಕ್ರೀ ಸರ್?" ಎಂದು ಗಿರಿಜಾ ಕೇಳಿದರೆ, "ಇರಲಿ ತಗೋ. ಕಮ್ಮಿ ಬಿದ್ರ ತಿರಗಿ ಕಳಸ್ತಾರ, ಜಾಸ್ತಿ ಆದ್ರ ಯಾರೂ ಕಳಸೂದಿಲ್ಲ" ಎಂದರು. ಶಿಫಾರಸು ಪತ್ರವನ್ನೂ ಅಲ್ಲೇ ಬರೆದರು. ಇವಳ ನಡತೆ ಉತ್ತಮವಾಗಿದ್ದು, ನನಗೆ ತಿಳಿದ ಮಟ್ಟಿಗೆ ಇವಳ ಮೇಲೆ ಯಾವುದೇ ಕ್ರಿಮಿನಲ್ ಮೊಕದ್ದಮೆ ಇರುವುದಿಲ್ಲ. ನಾನು ಎಲ್ಲ ಹಾಳೆಗಳನ್ನು ಕೋರ್ಟಿನ ಕಡತದಂತೆ ದಬ್ಬಣದಿಂದ ಹೊಲಿದು ಗಂಟಿಗೆ ಅರಗು ಹಾಕಿದೆ.

ಇಲ್ಲಿಂದ ಮುಂದಿನದನ್ನು ನಾನು ಇಷ್ಟು ವರ್ಷ ಹೀಗೆ ಹೇಳಿಕೊಂಡು ಬಂದಿದ್ದೇನೆ: ಅರಗು ಹಾಕುವಾಗ ನನಗೇ ಏನೋ ಹೊಳೆಯಿತು, ಇದು ಸರಿಯಲ್ಲವೆಂದು ನಾನೇ ಬಿಚ್ಚಿದೆ. ಈ ಮಾತನ್ನು ಕೇಳಿದ ಹುಡುಗಿಯರು ಕಡಿಮೆಯೆಂದರೂ ಹತ್ತು ಜನ. ಬರೆಯಲು ಕುಳಿತಾಗ ಡೈರಿ ತೆಗೆದೆ. ಹಾಗಿಲ್ಲ. ಆ ಪುಟದ ಗೆರೆಗಳು ಸ್ಪಷ್ಟವಾಗಿವೆ. "ಗಿ. ಬಂದು 'ಬಾಯಾರ, ಇದರಾಗ ನಾ ಎಲ್ಲಿದ್ದೇನ್ರಿ?' ಅಂದಳು. ನನಗೆ ಸಿಟ್ಟು. ಹೈಕೋರ್ಟಿಗೆ ಹೋಗುವ ಕಾಗದ ಬರೆದ ಕೈ ಇದು ಅಂದೆ. ಅತ್ತಳೋ ಏನೋ." ಇಲ್ಲಿ 'ಸುಟ್ಟ' ಎಂದು ಓದಿಕೊಳ್ಳಲು ದಾರಿಯೇ ಇಲ್ಲ. ಮುಂದಿನ ಎರಡು ದಿನ ಅವಳು ನನ್ನ ಕೋಣೆಗೆ ಊಟಕ್ಕೆ ಬಂದಿಲ್ಲ. ಅದನ್ನೂ ಬರೆದಿದ್ದೇನೆ. ತಿಂಗಳು ಮುಗಿಯಲು ಹದಿನಾರು ದಿನ ಎಂದೂ ಬರೆದಿದ್ದೇನೆ.

ಮೂರನೆಯ ದಿನ ಅವಳು ಅಪ್ಪನನ್ನು ಕರೆದುಕೊಂಡು ಬಂದಳು. ಈರಪ್ಪ ಹತ್ತಿಬೀಜಕ್ಕೆಂದು ಬೈಲಹೊಂಗಲಕ್ಕೆ ಬಂದಿದ್ದ. ತೆಳ್ಳಗಿನ ಮನುಷ್ಯ, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕುಳಿತ. ಗಿರಿಜಾ ನನ್ನನ್ನು ನೋಡದೆ ಹೇಳಿದಳು: "ಬಾಯಾರ, ನಮ್ಮ ಅಪ್ಪಗ ಒಮ್ಮೆ ಓದಿ ಹೇಳ್ರಿ. ಸಾಕ್ಷಿದಾರಗ ಹೇಳಿದಂಗ. ಅಂವಾ ಸರಿ ಐತಿ ಅಂದ್ರ ಹಿಂಗಽ ಕಳಸೂಣು."

ನಾನು ಓದಿ ಹೇಳಿದೆ. "ಅರ್ಜಿದಾರಳು ಜಂಟಿ ನೀರಾವರಿ ಮೂಲವುಳ್ಳ ಕೃಷಿ ಕುಟುಂಬಕ್ಕೆ ಸೇರಿದವಳಾಗಿದ್ದು, ಸದರಿ ಮೂಲದ ಬಳಕೆಯು ಉಭಯತರ ಸಮ್ಮತಿಯಿಂದ ನಿರಾತಂಕವಾಗಿ ನಡೆದುಬಂದಿರುತ್ತದೆ."

ಈರಪ್ಪ ಸ್ವಲ್ಪ ಹೊತ್ತು ಕಾದ. ಇನ್ನೂ ಇದೆ ಎಂದುಕೊಂಡಿದ್ದಿರಬೇಕು.

"ಬಾವಿ ಎಲ್ಲಿ ಬಂತ್ರಿ ಇದರಾಗ?"

"ಜಂಟಿ ನೀರಾವರಿ ಮೂಲ ಅಂದ್ರ ಬಾವೀನಽರಿ."

"ಹೌದಾ? ನಮ್ಮಣ್ಣ?"

"ಉಭಯತರು ಅಂದ್ರ ನೀವಿಬ್ರು."

"ಆತು. ಕಲ್ಲು?"

ಕಲ್ಲು ಇರಲಿಲ್ಲ. ಕಲ್ಲನ್ನು ನಾನು ತೆಗೆದುಹಾಕಿದ್ದೆ. ಬಾವಿ ಕಟ್ಟೆಯ ಮೇಲಿನ ಕಲ್ಲು ದೊಡ್ಡ ವಿಶ್ವವಿದ್ಯಾಲಯದವರ ಕಣ್ಣಿಗೆ ಚಿಲ್ಲರೆ ಸಂಗತಿ ಅನಿಸೀತು ಎಂದು.

"ಅಲ್ರಿ ಬಾಯಾರ," ಎಂದ ಈರಪ್ಪ, ಬಹಳ ಮರ್ಯಾದೆಯಿಂದ, "ಕಲ್ಲ ತಗದ್ರ ಬಾವಿ ಹೆಂಗ ನಡೀಬೇಕ್ರಿ?"

ಕಪಾಟಿನಿಂದ ಕತ್ತರಿ ತೆಗೆದು ಹೊಲಿಗೆ ಕತ್ತರಿಸಿದೆ. ಇಷ್ಟು ನೆನಪು ಮತ್ತು ಡೈರಿ ಎರಡರಲ್ಲೂ ಒಂದೇ ಇದೆ.

ಆಮೇಲೆ ನಾವು ಹೊಸ ರೀತಿಯಲ್ಲಿ ಕೆಲಸ ಮಾಡಿದೆವು. ಗಿರಿಜಾ ಕನ್ನಡದಲ್ಲಿ, ನಮ್ಮ ಕಡೆಯ ಮಾತಿನಲ್ಲೇ ಹೇಳಬೇಕು. ನಾನು ಬಿಡದೆ ಬರೆದುಕೊಳ್ಳಬೇಕು, ಒಂದು ಮಾತನ್ನೂ ದೊಡ್ಡದು ಮಾಡಬಾರದು. ಇಂಗ್ಲಿಷಿಗೆ ಅವಳೇ ತಿರುಗಿಸಬೇಕು. ಅವಳು ಹೇಳುತ್ತ ಹೋದಳು. "ಎರಡ ವರ್ಷ ಮಾತಿರಲಿಲ್ಲ, ಆದ್ರ ಕಲ್ಲ ಒಮ್ಮೀನೂ ತಪ್ಪಲಿಲ್ಲ" ಎನ್ನುವಲ್ಲಿಗೆ ಬಂದಾಗ ಈರಪ್ಪ ಕೆಮ್ಮಿದ.

"ಒಮ್ಮೆ ತಪ್ಪೇತಿ."

"ಏನಂದಿ ಯಪ್ಪಾ?"

"ಒಮ್ಮೆ ತಪ್ಪೇತಿ ಅಂದೆ. ನಾನಽ ತಪ್ಪಿಸಿದ್ದು. ಗೋಧಿ ಒಣಗಾಕತ್ತಿತ್ತು. ಪಾಳಿ ಮುಗದ ಮ್ಯಾಲೂ ಅರ್ಧ ದಿನ ಕಲ್ಲ ಸರಸಲಿಲ್ಲ. ಅಣ್ಣ ಬಂದು ನೋಡಿದಾ, ಒಂದ ಮಾತ ಆಡಲಿಲ್ಲ, ಹೋದಾ." ಈರಪ್ಪ ರುಮಾಲಿನ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಚಿದ. "ಬೈದಿದ್ರ ಛಲೋ ಇತ್ತು. ಮುಂದಿನ ಪಾಳ್ಯಾಗ ನಾನಾಗಽ ಅರ್ಧ ದಿನ ಮೊದಲಽ ಕಲ್ಲ ಸರಸಿ ಬಿಟ್ಟೆ. ಅಂವ ಕೇಳಲಿಲ್ಲ, ನಾ ಹೇಳಲಿಲ್ಲ. ಆಮ್ಯಾಲ ಎಂದೂ ತಪ್ಪಿಲ್ಲ."

ಗಿರಿಜಾ ಅರ್ಜಿಯ ಮೊದಲ ಸಾಲಿನಿಂದ ಕಟ್ಟಿಕೊಂಡು ಬಂದದ್ದು, ಎಂದೂ ತಪ್ಪದ ಕಲ್ಲು. ಅದು ತಪ್ಪಿತ್ತು, ತಪ್ಪಿಸಿದ್ದು ಅಪ್ಪ. ಆದರೆ ಅವಳು ದಡ್ಡಿಯಲ್ಲ. ತಪ್ಪಿದ ಮೇಲೂ ನಡೆದ ಬಾವಿ ಎಂದೂ ತಪ್ಪದ ಬಾವಿಗಿಂತ ದೊಡ್ಡ ಪ್ರಶ್ನೆ ಎಂದು ನನಗಿಂತ ಮೊದಲು ಅವಳಿಗೆ ತಿಳಿಯಿತು. "ಇದನ್ನಽ ಬರೀಲೇನ್ ಯಪ್ಪಾ? ನಿನ್ನ ಹೆಸರ ಬರ್ತೈತಿ."

"ಬರಿ ಬರಿ. ಹಾಲೆಂಡಿನ್ಯಾಗ ನನಗ ಯಾರ ಹೆಣ್ಣ ಕೊಡೂದೈತಿ?"

ಅವಳು ಎರಡು ದಿನದಲ್ಲಿ ಬರೆದು ತಂದಳು. ನಾನು ಕಾಗುಣಿತ ನೋಡಿದೆ, ಅಷ್ಟೇ. ಹೊಸಮನಿ ವಕೀಲರಿಗೆ ಬೇರೆ ಪತ್ರ ಬರೆಯಿರೆಂದು ಹೇಳಲು ಅವಳಿಗೆ ಧೈರ್ಯವಿರಲಿಲ್ಲ, ನಾನೇ ಹೋದೆ. "ಈಕಿ ಬಗ್ಗೆ ನಿಮಗ ನಿಜವಾಗಿ ಗೊತ್ತಿದ್ದದ್ದ ಒಂದ ಬರೀರಿ" ಎಂದೆ. ಅವರು ಮುಖ ಗಂಟು ಹಾಕಿದರು. ಆಮೇಲೆ ಬರೆದರು: ತುಂಬಿದ ಕೋರ್ಟಿನಲ್ಲಿ ನಾನು ಹೇಳಿದ ಹಳೆಯ ತೀರ್ಪೊಂದು ರದ್ದಾಗಿದೆಯೆಂದು ಇವಳು ನನ್ನ ಕಿವಿಯಲ್ಲಿ ಹೇಳಿದಳು. ನಾನು ಒಂದು ವಾರ ಇವಳ ಜೊತೆ ಮಾತಾಡಲಿಲ್ಲ. ಇವಳು ಹೇಳಿದ್ದು ಸರಿಯಾಗಿತ್ತು. ಸ್ಟ್ಯಾಂಪ್ ಮಾತ್ರ ಬೇಡವೆಂದರೂ ಕೇಳಲಿಲ್ಲ. ಬೆಳಗಾವಿಯಲ್ಲಿ ಕೊರಿಯರಿಗೆ ಕೊಡುವ ಮೊದಲು ಗಿರಿಜಾ ಅದನ್ನು ಮೆಲ್ಲಗೆ ಬಿಡಿಸಿದಳು. ಅಂಟು ಹತ್ತಿದ ಕಲೆ ಹಾಗೆಯೇ ಹಾಲೆಂಡಿಗೆ ಹೋಯಿತು.

ಬೇಸಿಗೆಯಲ್ಲಿ ಉತ್ತರ ಬಂತು. ಬ್ರೌಸಿಂಗ್ ಸೆಂಟರಿನಲ್ಲಿ ಮುದ್ರಿಸಿದ ಹಾಳೆ ಹಿಡಿದುಕೊಂಡು ನನ್ನ ಕೋಣೆಗೆ ಓಡಿ ಬಂದಳು. ಪ್ರವೇಶ ಸಿಕ್ಕಿತ್ತು, ವಿದ್ಯಾರ್ಥಿವೇತನವೂ ಸಿಕ್ಕಿತ್ತು. ವಕೀಲರ ಕೋಣೆಯಲ್ಲಿ ಪೇಢೆ ಹಂಚಿದರು. ಬೇಲೀಫನಿಗೆ ಎರಡು ಕೊಟ್ಟರು, ಸೈಕಲ್ ಪ್ರಯಾಣ ತಪ್ಪಿದ್ದಕ್ಕೆ.

ಒಂದು ವಾರದ ಮೇಲೆ ಅವಳು ಬಂದಾಗ ಮುಖ ಕಪ್ಪಿಟ್ಟಿತ್ತು. ದೊಡ್ಡಪ್ಪ ಬಸಲಿಂಗಪ್ಪನ ಮನೆಗೆ ಪೇಢೆ ಕೊಡಲು ಹೋಗಿ, ಅರ್ಜಿಯಲ್ಲಿ ಏನು ಬರೆದಿದ್ದೇನೆಂದು ಹೇಳಿದ್ದಳಂತೆ. ಬಸಲಿಂಗಪ್ಪ, "ನಿಮ್ಮಪ್ಪ ಏನ ಕೊಟ್ಟಾ? ಅಂವ ಕೊಟ್ಟಿಲ್ಲ, ನಾ ತಗೊಂಡೇನಿ. ಅಂವ ಅರ್ಧ ದಿನ ತಡಾ ಮಾಡಿದಾ, ನನ್ನ ಪಾಳಿ ಮುಗದಾಗ ನಾನೂ ಅರ್ಧ ದಿನ ತಡಾ ಮಾಡಿಽ ಕಲ್ಲ ಸರಸಿದೆ. ಸರಿಗೆ ಸರಿ" ಎಂದಿದ್ದನಂತೆ.

"ಬಾಯಾರ, ನಾ ಸುಳ್ಳ ಬರದಂಗಾತಲ್ರಿ. ಆ ಬರದದ್ದರ ಮ್ಯಾಲಽ ಸೀಟು ಕೊಟ್ಟಾರ."

"ನಿಮ್ಮಪ್ಪ ಹೇಳಿದ್ದನ್ನ ಬರದೀದಿ. ಅದು ಸುಳ್ಳ ಹೆಂಗಾಗತೈತಿ? ಸುಮ್ಮ ಹೋಗು. ಅಲ್ಲಿಂದ ಯಾರೂ ಬಂದು ಪಂಚನಾಮೆ ಮಾಡೂದಿಲ್ಲ" ಎಂದೆ. ನನ್ನ ಸಲಹೆಗಳ ಇತಿಹಾಸ ಅವಳಿಗೆ ಗೊತ್ತಿತ್ತು. ಅವಳು ಕೇಳಲಿಲ್ಲ. ಅದೇ ಸಂಜೆ ಆ ವಿಭಾಗದ ಪ್ರೊಫೆಸರರಿಗೆ ಇ-ಮೇಲ್ ಮಾಡಿದಳು: ನನ್ನ ಹೇಳಿಕೆಯಲ್ಲಿ ಒಂದು ಸಂಗತಿ ಬೇರೆ ರೀತಿ ಇರಬಹುದೆಂದು ಈಗ ತಿಳಿದಿದೆ, ಪ್ರವೇಶವನ್ನು ನೀವು ಮರುಪರಿಶೀಲಿಸಬಹುದು. ಐದು ದಿನ ಉತ್ತರವಿಲ್ಲ. ಆ ಐದು ದಿನಗಳ ಡೈರಿಯಲ್ಲಿ ನಾನು ಬೇರೇನನ್ನೂ ಬರೆದಿಲ್ಲ, 'ಇಂದೂ ಇಲ್ಲ' ಎಂಬುದನ್ನು ಬಿಟ್ಟು.

ಆರನೆಯ ದಿನ ಮೂರು ಸಾಲು ಬಂತು. ತಿಳಿಸಿದ್ದಕ್ಕೆ ಕೃತಜ್ಞತೆ. ಪ್ರವೇಶಕ್ಕೆ ಏನೂ ಬಾಧೆಯಿಲ್ಲ. ಬರುವಾಗ ಇಬ್ಬರ ಹೇಳಿಕೆಯನ್ನೂ ತೆಗೆದುಕೊಂಡು ಬಾ, ನಮ್ಮ ಮೊದಲ ತರಗತಿಗೆ ಬೇಕಾಗುತ್ತದೆ.

ಹಾಗಾಗಿ ಒಂದು ಶನಿವಾರ ಕೋರ್ಟು ಮುಗಿದ ಮೇಲೆ ಹೊಸಮನಿ ವಕೀಲರ ಆಫೀಸಿನ ಕಟ್ಟೆಯ ಮೇಲೆ ಈರಪ್ಪ, ಬಸಲಿಂಗಪ್ಪ ಇಬ್ಬರೂ ಕುಳಿತರು, ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು. ನಾನು ಪೆನ್ಸಿಲು ಚೂಪು ಮಾಡಿಕೊಂಡು ಎದುರಿಗೆ ಕುಳಿತೆ. ಹಿರಿಯನದು ಮೊದಲು, ಆಮೇಲೆ ಕಿರಿಯನದು. ನಡುನಡುವೆ ಒಬ್ಬರ ಮಾತಿಗೆ ಒಬ್ಬರು ಬಾಯಿ ಹಾಕುತ್ತಿದ್ದರು. "ಒಬ್ಬೊಬ್ಬರಽ ಮಾತಾಡ್ರಿ, ನನಗಿರೂದು ಒಂದಽ ಬಲಗೈ" ಎಂದು ಗದರಿದೆ. ಮುಗಿದ ಮೇಲೆ ಎರಡನ್ನೂ ಅವರವರ ಮಾತಿನಲ್ಲೇ ಓದಿ ಹೇಳಿದೆ. ಅಣ್ಣನದು ಸರಿ ಎಂದು ಅಣ್ಣ ಅಂದ. ತಮ್ಮನದು ಸರಿ ಎಂದು ತಮ್ಮ ಅಂದ.

ಆಮೇಲೆ ಈರಪ್ಪ ಬೆರಳು ಮಡಿಚಿ ಏನೋ ಲೆಕ್ಕ ಹಾಕತೊಡಗಿದ.

"ತಡೀರಿ ಬಾಯಾರ. ಅಣ್ಣಾ, ನೀ ಅರ್ಧ ದಿನ ತಡಾ ಮಾಡಿ ಸರಸೀದಿ, ಹೌದಲ್ಲೋ?"

"ಹೌದು. ಬರಸೇನಲ್ಲ."

"ಮುಂದಿನ ಪಾಳ್ಯಾಗ ನಾ ಅರ್ಧ ದಿನ ಮೊದಲಽ ಸರಸೇನಿ. ನಾ ತಗೊಂಡದ್ದು ಅರ್ಧ, ನಿನಗ ಬಂದದ್ದು ಒಂದ ದಿನ. ಹಂಗಾರ ನೀನಽ ನನಗ ಅರ್ಧ ದಿನ ನೀರು ಕೊಡಬೇಕು!"

ಬಸಲಿಂಗಪ್ಪ ತೊಡೆ ತಟ್ಟಿ ನಕ್ಕ. "ಹತ್ತೊಂಬತ್ತ ವರ್ಷದ ಹಿಂದಿಂದು ಲೇ ಅದು! ದಾವಾ ಹಾಕೂ ವಾಯಿದೆ ಮುಗದೈತಿ. ಬೇಕಾರ ನಿನ್ನ ಮಗಳನ್ನ ಕೇಳು, ವಕೀಲ ಅದಾಳ. ಹೇಳವಾ ಗಿರಿಜಾ, ಮುಗದಿಲ್ಲೇನ ವಾಯಿದೆ?"

ಇಬ್ಬರೂ ಅವಳ ಕಡೆ ತಿರುಗಿದರು. ಗಿರಿಜಾ ಎರಡೂ ಹೇಳಿಕೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಫೈಲಿನಲ್ಲಿ ಸೇರಿಸಿದಳು.

"ಅದನ್ನಽ ಓದಾಕ ಹೊಂಟೇನಿ ದೊಡ್ಡಪ್ಪಾ," ಎಂದಳು. "ಓದಿ ಬಂದು ಹೇಳತೇನಿ."